ಅಮ್ಮನ ಪಿಂಚಣಿ ಮರಳಿ ಬಂದ ಸಂದರ್ಭದಲ್ಲಿ

ಡಿಸೆಂಬರಿನಿಂದ ನಿಂತುಹೋಗಿದ್ದ ನಮ್ಮ ಅಮ್ಮನ ಕುಟುಂಬ ಪಿಂಚಣಿ, ಬಾಕಿಯೂ ಸೇರಿ ಕಳೆದ ವಾರ ಖಾತೆಗೆ ಜಮೆಯಾಯಿತು. ಫೆಬ್ರುವರಿಯಲ್ಲಿ ಅವರಿಗೆ ಎಂಬತ್ತು ತುಂಬಿದ್ದರಿಂದ, ನಿಯಮದಂತೆ ಮೂಲ ಪಿಂಚಣಿಯ ಮೇಲೆ ಶೇ 20ರಷ್ಟು ಹೆಚ್ಚುವರಿ ಮೊತ್ತವೂ ಜೊತೆಗೂಡಿದೆ. ಈ ದಿನಗಳಲ್ಲಿ ನೆರವಾದವರಿಗೆ ಕೃತಜ್ಞತೆ ಹೇಳಲು ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕಬೇಡಿ ಎಂದು ಅವರೇ ಕೇಳಿಕೊಂಡಿದ್ದಾರೆ.

ಅಪ್ಪ ಅಂಚೆ ಇಲಾಖೆಯಿಂದ ನಿವೃತ್ತರಾಗಿ, ಹೊಸನಗರ ತಾಲ್ಲೂಕಿನ ನಮ್ಮೂರಿನಲ್ಲಿ ತೋಟ ನೋಡಿಕೊಂಡಿದ್ದವರು. ಅವರ ನಂತರ ಕುಟುಂಬ ಪಿಂಚಣಿ ಪಡೆಯುವ ಅಮ್ಮ, ತಾವು ಬದುಕಿರುವುದನ್ನು ವರ್ಷಕ್ಕೊಮ್ಮೆ ನವೆಂಬರಿನಲ್ಲಿ ಪ್ರಮಾಣೀಕರಿಸಬೇಕು. ಮಲೆನಾಡಿನಲ್ಲಿ ನವೆಂಬರ್ ಎಂದರೆ ಅಡಿಕೆ ಸುಗ್ಗಿ. ದಶಕಗಳ ಕಾಲ ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿದ ಅವರ ಬೆರಳುಗಳಲ್ಲಿ ಗೆರೆಗಳೇ ಸವೆದುಹೋಗಿವೆ. ಉಳಿದದ್ದನ್ನು ಅಡಿಕೆಯ ಚೊಗರು ಮುಚ್ಚಿತ್ತು. ಮನೆಗೇ ಬಂದ ಅಂಚೆಯಣ್ಣನ ಯಂತ್ರ ಮೂರು ಬಾರಿಯೂ ಹೆಬ್ಬೆಟ್ಟನ್ನು ಗುರುತಿಸಲಿಲ್ಲ. ಕೊಯ್ಲು ಮುಗಿಸಿ ಬ್ಯಾಂಕಿಗೇ ಹೋಗಿ ಬಂದರಾಯಿತು ಎಂದುಕೊಂಡದ್ದು ನಮ್ಮ ಉದಾಸೀನ. ತಿಂಗಳ ಕೊನೆಯಲ್ಲಿ ಅಮ್ಮ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಶಿವಮೊಗ್ಗದ ಆಸ್ಪತ್ರೆ ಸೇರಿದಾಗ, ಪ್ರಮಾಣಪತ್ರದ ಮಾತು ಯಾರಿಗೂ ನೆನಪಾಗಲಿಲ್ಲ.

ಫೆಬ್ರುವರಿಯಲ್ಲಿ ಅದೇ ಅಂಚೆಯಣ್ಣ ಮತ್ತೆ ಬಂದರು. ಈ ಸಲ ಬೆರಳಿನ ಗೊಡವೆಗೆ ಹೋಗದೆ ಫೋನಿನಲ್ಲಿ ಮುಖ ತೋರಿಸುವ ಕ್ರಮವನ್ನು ಹಿಡಿದರು. ಒಳಮನೆಯಲ್ಲಿ ಸಿಗ್ನಲ್ ಇರಲಿಲ್ಲ. ಪಕ್ಕದ ಮನೆಯ ಹುಡುಗರಿಬ್ಬರು ಅಮ್ಮನನ್ನು ಕುರ್ಚಿಸಮೇತ ಎತ್ತಿ ಧರೆಯ, ಅಂದರೆ ಮಣ್ಣಿನ ದಿಬ್ಬದ, ಅಂಚಿಗೆ ತಂದು ಕೂರಿಸಿದರು. ‘ಕಣ್ಣು ಮಿಟುಕಿಸಿ ಅಮ್ಮ’ ಎಂದರೆ ಅವರು ಫೋಟೊ ತೆಗೆಯುತ್ತಾರೆಂದು ಇನ್ನಷ್ಟು ಬಿಗಿಯಾಗಿ ನೋಡುತ್ತಿದ್ದರು. ನಾಲ್ಕನೆಯ ಪ್ರಯತ್ನಕ್ಕೆ ಹಸಿರು ಗುರುತು ಬಂತು. ಶುಲ್ಕ 70 ರೂಪಾಯಿ. ಒಂದು ಲೋಟ ಕಷಾಯದ ಹೊರತು ಮತ್ತೇನನ್ನೂ ಅವರು ಮುಟ್ಟಲಿಲ್ಲ.

ಈ ವ್ಯವಸ್ಥೆ ಎಲ್ಲಿಂದ ಬಂತೆಂದು ನಾನು ವಿಚಾರಿಸಿಕೊಂಡೆ. ಜೀವನ್ ಪ್ರಮಾಣ್ ಎಂಬ ಡಿಜಿಟಲ್ ಪ್ರಮಾಣಪತ್ರ ಆರಂಭವಾದದ್ದು 2014ರ ನವೆಂಬರಿನಲ್ಲಿ. ಬೆರಳಿನ ಬದಲು ಮುಖವನ್ನೇ ಗುರುತಿಸುವ ವಿಧಾನಕ್ಕೆ 2021ರ ನವೆಂಬರಿನಲ್ಲಿ ಚಾಲನೆ ಕೊಟ್ಟವರು ಕೇಂದ್ರದ ರಾಜ್ಯ ಸಚಿವ ಜಿತೇಂದ್ರ ಸಿಂಗ್. ಸಿಬ್ಬಂದಿ, ಸಾರ್ವಜನಿಕ ಕುಂದುಕೊರತೆ ಮತ್ತು ಪಿಂಚಣಿ ಸಚಿವಾಲಯದ ಸಂಪುಟ ಹೊಣೆ ಪ್ರಧಾನಿಯವರಲ್ಲೇ ಇರುವುದರಿಂದ, ಪಿಂಚಣಿದಾರರ ದಿನನಿತ್ಯದ ಕೆಲಸಗಳು ಈ ಕಿರಿಯ ಸ್ಥಾನದ ಸಚಿವರ ಮೇಜಿಗೆ ಬೀಳುತ್ತವೆ. ‘ರಾಜ್ಯ ಸಚಿವ’ ಎಂಬ ಕನ್ನಡದ ಮಾತು ನಮ್ಮೂರಿನಲ್ಲಿ ಗೊಂದಲ ಹುಟ್ಟಿಸುವುದೂ ಉಂಟು: ಅದನ್ನು ಕೇಳಿದ ಪಕ್ಕದ ಮನೆಯ ಅಜ್ಜಿ, ಬೆಂಗಳೂರಿನ ಮಂತ್ರಿಯೆಂದೇ ತಿಳಿದು ತಮ್ಮ ಸಂಧ್ಯಾ ಸುರಕ್ಷಾದ ಅರ್ಜಿಯನ್ನೂ ಅವರಿಗೇ ಕಳಿಸಿ ಎಂದರು. ಅದು ರಾಜ್ಯ ಸರ್ಕಾರದ ಕಂದಾಯ ಇಲಾಖೆಯ ವ್ಯವಹಾರ, ನಾಡಕಚೇರಿಯಲ್ಲಿ ಕೊಡಬೇಕೆಂದು ವಿವರಿಸುವಷ್ಟರಲ್ಲಿ ಸಾಕುಬೇಕಾಯಿತು.

ಹೆಸರಿಗೆ ಕಿರಿಯದಾದ ಆ ಹುದ್ದೆಯಲ್ಲಿ ಕುಳಿತವರಿಗೂ, ನಿಂತುಹೋದ ಖಾತೆಯನ್ನು ಎರಡೇ ವಾರದಲ್ಲಿ ಚಾಲೂ ಮಾಡಿಸಿದ ಬ್ಯಾಂಕಿನ ಗುಮಾಸ್ತೆಗೂ, ಕುರ್ಚಿ ಹೊತ್ತ ಹುಡುಗರಿಗೂ ನಮ್ಮ ನಮಸ್ಕಾರ. ಎಂಬತ್ತು ದಾಟಿದವರು ಅಕ್ಟೋಬರ್ 1ರಿಂದಲೇ ಪ್ರಮಾಣಪತ್ರ ಕೊಡಬಹುದಾದ್ದರಿಂದ, ಮುಂದಿನ ಸಲ ಕೊಯ್ಲು ಬಿರುಸಾಗುವ ಮೊದಲೇ ಅಮ್ಮನನ್ನು ಧರೆಯಂಚಿಗೆ ಕೂರಿಸುತ್ತೇವೆ.

ಅಂಚೆಯಣ್ಣನಿಗೆ ಹೇಳುವ ಕೃತಜ್ಞತೆ ಮಾತ್ರ ನನಗೆ ಅಷ್ಟು ಹಗುರವಾಗಿಲ್ಲ. ಅವರು ಗ್ರಾಮೀಣ ಡಾಕ್ ಸೇವಕರು, ಅಂದರೆ ಇಲಾಖೆಯ ಕಾಯಂ ನೌಕರರಲ್ಲದ ಹಳ್ಳಿಯ ಅಂಚೆ ಕೆಲಸಗಾರರು. ಅಪ್ಪನಿಗೆ ದೊರೆತ ಪಿಂಚಣಿಯ ನಿಯಮಗಳು ಅವರಿಗೆ ಅನ್ವಯಿಸುವುದಿಲ್ಲ. ಮುಂದೊಂದು ದಿನ ಅವರ ಹೆಂಡತಿಗೆ ಇಂಥ ಕುಟುಂಬ ಪಿಂಚಣಿಯೂ ಬರುವುದಿಲ್ಲ. ಈ ಬರಹ ದೆಹಲಿಯ ಆ ಮೇಜಿನವರೆಗೆ ತಲುಪುವುದಾದರೆ, ನಮ್ಮ ವಂದನೆಯ ಜೊತೆಗೆ ಈ ಸಂಗತಿಯನ್ನೂ ಸಚಿವರು ಓದಿಕೊಳ್ಳಬೇಕೆಂದು ಕೋರುತ್ತೇನೆ.