ದೆಹಲಿ ಪ್ರಯಾಣ: ದೂರ ಮತ್ತು ಸಮಯದ ಲೆಕ್ಕ

ಹಾಸನ ಬಳಗದ ಎಲ್ಲ ಸದಸ್ಯರಿಗೂ ನಮಸ್ಕಾರ.

ಜನವರಿಯ ದೆಹಲಿ ಪ್ರವಾಸಕ್ಕೆ ಹೆಸರು ಕೊಟ್ಟಿರುವ ಹಲವರು ವಿಮಾನ ಪ್ರಯಾಣಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ವಿಚಾರಿಸಿದ್ದೀರಿ. ಬೆಂಗಳೂರು ಮತ್ತು ದೆಹಲಿ ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿದ್ದು, ಆಕಾಶಮಾರ್ಗದಲ್ಲಿ ಅವುಗಳ ನಡುವಿನ ಅಂತರ ಸುಮಾರು 1,700 ಕಿ.ಮೀ.; ರಸ್ತೆಯಲ್ಲಾದರೆ ಅದು 2,100 ಕಿ.ಮೀ. ದಾಟುತ್ತದೆ. ವಿಮಾನವು ಗಂಟೆಗೆ 800 ಕಿ.ಮೀ.ಗೂ ಮಿಕ್ಕಿದ ವೇಗದಲ್ಲಿ ಹಾರುವುದಾದರೂ, ರನ್‌ವೇವರೆಗಿನ ಓಟ, ಮೇಲೇರುವಿಕೆ, ಇಳಿಯಲು ಸರದಿಗಾಗಿ ಕಾಯುವಿಕೆ ಇವೆಲ್ಲ ಸೇರುವುದರಿಂದ ಟಿಕೆಟ್‌ನಲ್ಲಿ ಸಾಮಾನ್ಯವಾಗಿ 2 ಗಂಟೆ 45 ನಿಮಿಷದ ಆಸುಪಾಸಿನ ಅವಧಿಯನ್ನು ನಮೂದಿಸಿರುತ್ತಾರೆ.

ನಮಗೆ ನಿಜವಾಗಿ ಹೆಚ್ಚು ಹೊತ್ತು ಹಿಡಿಯುವುದು ನೆಲದ ಮೇಲಿನ ಹಾದಿ. ಚನ್ನರಾಯಪಟ್ಟಣ, ಕುಣಿಗಲ್, ನೆಲಮಂಗಲದ ಮೂಲಕ ಸಾಗಿ, ಬೆಂಗಳೂರು ನಗರವನ್ನು ಹೊಗದೆ ದೊಡ್ಡಬಳ್ಳಾಪುರದ ಕಡೆಯಿಂದ ದೇವನಹಳ್ಳಿಯ ವಿಮಾನ ನಿಲ್ದಾಣ ತಲುಪಲು 200 ಕಿ.ಮೀ.ಗೂ ಹೆಚ್ಚು ದೂರವಾಗುತ್ತದೆ. ತಿಂಡಿಗೆ ನಿಲ್ಲುವುದನ್ನೂ ಸೇರಿಸಿ ಐದು ಗಂಟೆ ಇಟ್ಟುಕೊಳ್ಳುವುದು ಕ್ಷೇಮ. ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುವುದರಿಂದ, ವಿಮಾನ ಹೊರಡುವ ಎರಡು ಗಂಟೆ ಮುಂಚೆ ನಾವು ಅಲ್ಲಿರಬೇಕು. ವಯಸ್ಸಾದವರು ಜೊತೆಗಿರುವಾಗ ಈ ವಿಷಯದಲ್ಲಿ ಅವಸರ ಸಲ್ಲದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಜನವರಿಯಲ್ಲಿ ದೆಹಲಿಯ ದಟ್ಟ ಮಂಜಿನಿಂದ ಬೆಳಗಿನ ವಿಮಾನಗಳು ಆಗಾಗ ತಡವಾಗುತ್ತವೆ. ಆದಕಾರಣ ಮಧ್ಯಾಹ್ನ ತಲುಪುವ ವಿಮಾನವನ್ನೇ ಗೊತ್ತುಮಾಡಬೇಕೆಂದಿದ್ದೇನೆ. ಯಾರಿಗಾದರೂ ಅಡಚಣೆಯಿದ್ದರೆ ಭಾನುವಾರದೊಳಗೆ ಇಲ್ಲಿಯೇ ದಯವಿಟ್ಟು ತಿಳಿಸಿ.