ಶನಿವಾರ ಸಂಜೆ ಏಳು ಗಂಟೆಗೆ

ಈ ಸಂಚಿಕೆಗೆ ಲೇಖನ ಕೇಳಿ ಫೋನ್ ಮಾಡಿದಾಗ ಹೆಚ್ಚಿನವರು ಹೇಳಿದ್ದು ಒಂದೇ ಮಾತು. "ಬರೀಬೇಕು ಅಂತ ತುಂಬಾ ಆಸೆ ಉಂಟು, ಟೈಮೇ ಸಿಗುದಿಲ್ಲ." ಇದು ನೆಪ ಅಂತ ನನಗೆ ಅನಿಸಿಲ್ಲ. ಬೆಳಿಗ್ಗೆ ಶಾರ್ಜಾದಿಂದ ದುಬೈಗೆ ಬರುವ ಟ್ರಾಫಿಕ್, ಆಫೀಸಿನ ಟಾರ್ಗೆಟ್, ಮಕ್ಕಳ ಟ್ಯೂಷನ್, ರಾತ್ರಿ ಊರಿನಲ್ಲಿರುವ ಅಪ್ಪ ಅಮ್ಮನಿಗೆ ವೀಡಿಯೊ ಕಾಲ್. ಇಷ್ಟೆಲ್ಲ ಮುಗಿಸಿ ಕೂತಾಗ ಮನಸ್ಸು ಬರವಣಿಗೆಗೆ ಒಗ್ಗುವುದಿಲ್ಲ. ಕಾಲೇಜಿನಲ್ಲಿ ಚಂದದ ಕವಿತೆ ಬರೆಯುತ್ತಿದ್ದವರು, ಚೆಂಡೆ ಬಾರಿಸುತ್ತಿದ್ದವರು ನಮ್ಮ ಸಂಘದಲ್ಲಿ ಎಷ್ಟು ಮಂದಿ ಇದ್ದಾರೆ! ಅವರೆಲ್ಲ ಸುಮ್ಮನಾಗಿರುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ಊರಿನವರಿಗೆ ನಮಗಿಂತ ಸಮಯ ಜಾಸ್ತಿ ಎಂಬ ಮಾತು ಇಲ್ಲಿ ಆಗಾಗ ಕೇಳುತ್ತೇವೆ. ಈ ಮಳೆಗಾಲದಲ್ಲಿ ರಜೆಗೆ ಉಡುಪಿಗೆ ಹೋದಾಗ ಹಾಗೇನೂ ಕಾಣಲಿಲ್ಲ. ಕೆಲಸಕ್ಕಾಗಿ ಸುಮಾರು 55 ಕಿಲೋಮೀಟರ್ ದೂರದ ಮಂಗಳೂರಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುವವರಿದ್ದಾರೆ. ಮನೆಯಲ್ಲಿ ವಯಸ್ಸಾದವರು, ಪರೀಕ್ಷೆ ಹತ್ತಿರ ಬಂದ ಮಕ್ಕಳು, ಬ್ಯಾಂಕ್ ಸಾಲ ಎಲ್ಲ ಅಲ್ಲೂ ಇದೆ. ಆದರೂ ಅಲ್ಲಿ ಕಲೆ ನಡೆಯುತ್ತಿದೆ. ಹೇಗೆ ಅಂತ ಹತ್ತಿರದಿಂದ ನೋಡಿದೆ.

ಒಂದು ಶನಿವಾರ ಸಂಜೆ ದೇವಸ್ಥಾನದ ಪಕ್ಕದ ಸಣ್ಣ ಹಾಲ್‌ನಲ್ಲಿ ತಾಳಮದ್ದಳೆ ಇತ್ತು, ಅಂದರೆ ಯಕ್ಷಗಾನದ ಪದಗಳಿಗೆ ಕೂತಲ್ಲೇ ಪಾತ್ರಗಳಾಗಿ ಮಾತಿನಲ್ಲಿ ಅರ್ಥ ಹೇಳುವ ಕೂಟ. ವಾಲಿ ಸುಗ್ರೀವರ ಪ್ರಸಂಗ. ಪದ ಹಾಡುವ ಭಾಗವತರು ಶಾಲೆಯ ಮೇಷ್ಟ್ರು. ಮದ್ದಳೆಗೆ ಕೂತವರು ವಯರಿಂಗ್ ಕೆಲಸದವರು. ವಾಲಿಯ ಅರ್ಥ ಹೇಳಬೇಕಾದವರಿಗೆ ಮಂಗಳೂರಿನಲ್ಲಿ ಬ್ಯಾಂಕ್ ಕೆಲಸ, ಆ ಶನಿವಾರ ರಜೆಯೂ ಇರಲಿಲ್ಲ. ಎಕ್ಸ್‌ಪ್ರೆಸ್ ಬಸ್ಸಿನಿಂದ ಇಳಿದು ಓಡಿಕೊಂಡೇ ಬಂದರು. ಒದ್ದೆ ಕೊಡೆಯನ್ನು ಮೂಲೆಯಲ್ಲಿಟ್ಟು, ಒಳಗೆ ಹೋಗಿ ಪಂಚೆ ಉಟ್ಟು, ಶಾಲು ಹೊದ್ದು ಕೂತರು. ಅವರ ಪ್ರಸಂಗ ಪುಸ್ತಕವನ್ನು ತೆಗೆದು ನೋಡಿದೆ. ಅಂಚಿನ ತುಂಬ ಪೆನ್ಸಿಲ್‌ನಲ್ಲಿ ಬರೆದ ಟಿಪ್ಪಣಿಗಳು. ಅಕ್ಷರಗಳೆಲ್ಲ ಓರೆಕೋರೆ, ಓಡುವ ಬಸ್ಸಿನಲ್ಲಿ ಬರೆದದ್ದು. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನಿಗೆ ವಾಲಿ ಕೇಳಬೇಕಾದ ಪ್ರಶ್ನೆಗಳು ಪಡುಬಿದ್ರಿಗೂ ಕಾಪುವಿಗೂ ನಡುವೆ ಹುಟ್ಟಿದ್ದವು!

ಮುಗಿದ ಮೇಲೆ ಚಹಾ ಕುಡಿಯುತ್ತಾ ಕೇಳಿದೆ, "ನಿಮಗೆ ಟೈಮ್ ಹೇಗೆ ಸಿಗ್ತದೆ?" ಅವರು ಹೇಳಿದರು, "ಟೈಮ್ ಎಲ್ಲಿಂದ ಸಿಗುದು ಮಾರಾಯ್ರೆ? ಶನಿವಾರ ಏಳು ಗಂಟೆಗೆ ಭಾಗವತರು ಪದ ಶುರು ಮಾಡ್ತಾರೆ. ನಾನು ಬರದಿದ್ರೆ ಸುಗ್ರೀವ ಯಾರ ಹತ್ರ ಮಾತಾಡುದು? ಹಾಗಾಗಿ ಬರ್ಲೇಬೇಕು."

ನಾನು ಈ ಸಲ ಊರಿನಿಂದ ತಂದದ್ದು ಈ ಮಾತನ್ನೇ. ಅವರನ್ನು ಬಸ್ಸು ಹತ್ತಿಸಿದ್ದು ಒಂದು ನಿಗದಿಯಾದ ದಿನ, ಒಂದು ಜಾಗ, ಕಾದು ಕೂತ ನಾಲ್ಕು ಮಂದಿ. ನಾವು ಇಲ್ಲಿ ಒಬ್ಬೊಬ್ಬರೇ ಕೂತು ಬಿಡುವಿಗಾಗಿ ಕಾಯುತ್ತೇವೆ. ಒಬ್ಬರೇ ಕಾದರೆ ಬಿಡುವು ಬರುವುದಿಲ್ಲ. ಬಂದರೂ ಅದು ಮೊಬೈಲ್ ಪಾಲಾಗುತ್ತದೆ.

ತಾಳಮದ್ದಳೆ ದುಡಿಯುವವರಿಗೆ ಒಗ್ಗುವ ಕಲೆಯೂ ಹೌದು. ವೇಷ ಇಲ್ಲ, ಬಣ್ಣ ಇಲ್ಲ, ಕುಣಿತ ಇಲ್ಲ. ಬಾಯಿಪಾಠದ ಸಂಭಾಷಣೆಯೂ ಬೇಡ, ಪದದ ಅರ್ಥವನ್ನು ಅಲ್ಲೇ ಮಾತಾಗಿ ಬೆಳೆಸುವುದು. ಯಕ್ಷಗಾನ ಮೇಳಗಳ ತಿರುಗಾಟ ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯ ದಿನ ನಿಂತ ಮೇಲೆ ಮಳೆಗಾಲದ ಉದ್ದಕ್ಕೂ ಊರೂರಲ್ಲಿ ಇದು ನಡೆಯುತ್ತದೆ. ಬಯಲಾಟ ಕೂಡ ಕಾಲಕ್ಕೆ ತಕ್ಕಂತೆ ಬದಲಾಗಿದೆ. ಬೆಳಗಿನವರೆಗೆ ನಡೆಯುತ್ತಿದ್ದ ಆಟವನ್ನು ಈಗ ಹಲವು ಮೇಳಗಳು ಕಾಲಮಿತಿ ಎಂದು ಮಧ್ಯರಾತ್ರಿಯ ಹೊತ್ತಿಗೆ ಮುಗಿಸುತ್ತವೆ. ಹಳಬರಿಗೆ ಇದರಲ್ಲಿ ಬೇಸರ ಇದೆ, ಆ ಬೇಸರ ನನಗೂ ಅರ್ಥವಾಗುತ್ತದೆ. ಆದರೆ ಮರುದಿನ ಡ್ಯೂಟಿ ಇರುವವರು ಮಕ್ಕಳನ್ನು ಕರೆದುಕೊಂಡು ಆಟಕ್ಕೆ ಬರುತ್ತಿದ್ದಾರಲ್ವಾ? ನನಗೆ ಅದು ದೊಡ್ಡದು.

ಕೆಲಸ ಬಿಟ್ಟರೇ ಕಲೆ ಎಂಬ ಯೋಚನೆ ನಮ್ಮ ಕರಾವಳಿಯಲ್ಲಿ ಮೊದಲಿನಿಂದಲೂ ಅಷ್ಟಾಗಿ ಇಲ್ಲ. ಪಂಜೆ ಮಂಗೇಶರಾಯರು (1874–1937) ಮೇಷ್ಟ್ರಾಗಿದ್ದರು, ಶಾಲೆಗಳ ಇನ್‌ಸ್ಪೆಕ್ಟರ್ ಆಗಿದ್ದರು. ನಾವೆಲ್ಲ ಬಾಯಿಪಾಠ ಮಾಡಿದ ಹಾವಿನ ಪದ್ಯ ಬರೆದವರು ಅವರೇ. ಮಕ್ಕಳ ನಡುವೆ ಕಳೆದ ಹೊತ್ತು ಆ ಪದ್ಯಗಳಲ್ಲಿ ಕಾಣುತ್ತದೆ. ಉಡುಪಿಯ ಎಂಜಿಎಂ ಕಾಲೇಜಿನ ಕು.ಶಿ. ಹರಿದಾಸ ಭಟ್ಟರು ಕಲಿಸುತ್ತಿದ್ದದ್ದು ಅರ್ಥಶಾಸ್ತ್ರ, ಅವರಿಂದ ಬೆಳೆದದ್ದು ಯಕ್ಷಗಾನ ಮತ್ತು ಜಾನಪದದ ಕೆಲಸ. ಇನ್ನು ಬ್ಯಾಂಕುಗಳು. 1906ರಿಂದ 1931ರೊಳಗೆ ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಎಂದು ಐದು ಬ್ಯಾಂಕುಗಳು ಮಂಗಳೂರು, ಉಡುಪಿಯಲ್ಲಿ ಹುಟ್ಟಿದವು. ಅಲ್ಲಿ ಲೆಡ್ಜರ್ ಬರೆದ ಎಷ್ಟೋ ಕೈಗಳು ಸಂಜೆ ಕತೆ ಬರೆದಿವೆ, ತಾಳ ಹಿಡಿದಿವೆ.

ಈಗ ಒಂದು ಕಷ್ಟದ ಮಾತು. ಶನಿವಾರ ಏಳು ಗಂಟೆಗೆ ವಾಲಿಯ ಅರ್ಥ ಹೇಳಿದ ಆ ಬ್ಯಾಂಕಿನವರು ಹಾಲ್‌ನಲ್ಲಿದ್ದಾಗ ಮನೆಯಲ್ಲಿ ಮಕ್ಕಳಿಗೆ ಊಟ ಹಾಕಿದ್ದು ಯಾರು? ಕಾದಂಬರಿಗಾರ್ತಿ ಸಾರಾ ಅಬೂಬಕ್ಕರ್ ಹುಟ್ಟಿದ್ದು 1936ರಲ್ಲಿ ಕಾಸರಗೋಡಿನಲ್ಲಿ, ನೆಲೆಸಿದ್ದು ಮಂಗಳೂರಿನಲ್ಲಿ. ನಾಲ್ಕು ಗಂಡುಮಕ್ಕಳ ತಾಯಿ. ಅವರ ಬರಹ ಅಚ್ಚಾಗತೊಡಗಿದ್ದು 1980ರ ದಶಕದಲ್ಲಿ, ವಯಸ್ಸು ನಲವತ್ತು ದಾಟಿದ ಮೇಲೆ. ಅವರ ಗಟ್ಟಿತನಕ್ಕೆ ನಾನು ತಲೆಬಾಗುತ್ತೇನೆ. ಆದರೆ ಅವರಷ್ಟು ಕಾದು, ಕೊನೆಗೂ ಬರೆಯದೇ ಉಳಿದ ಹೆಂಗಸರು ಎಷ್ಟೋ! ಇದು ನಮ್ಮ ಮನೆಗಳಲ್ಲೂ ನಡೆಯುತ್ತಿದೆ. ಇಲ್ಲಿ ಅಜ್ಜಿ ಇಲ್ಲ, ಚಿಕ್ಕಮ್ಮ ಇಲ್ಲ, "ಒಂದು ಗಳಿಗೆ ಮಗುವನ್ನು ನೋಡಿಕೊಳ್ಳಿ" ಅಂತ ಹೇಳಲು ನೆರೆಮನೆಯವರೂ ಇಲ್ಲ. ಕರಾವಳಿಯಲ್ಲಿ ಈಗ ಮಹಿಳೆಯರದೇ ತಾಳಮದ್ದಳೆ ತಂಡಗಳಿವೆ. ಅಂಥ ಒಂದು ತಂಡದಲ್ಲಿರುವ ಟೀಚರ್ ನನಗೆ ಹೇಳಿದ್ದು ಇಷ್ಟು: "ಭಾನುವಾರ ಮಧ್ಯಾಹ್ನ ನಮ್ಮ ಅಭ್ಯಾಸ. ಆ ದಿನ ಅಡುಗೆ ಇವರದ್ದು. ಮೊದಲೇ ಮಾತಾಗಿದೆ." ಮೊದಲೇ ಮಾತಾಗಬೇಕು, ಅಷ್ಟೇ. ಹೆಂಡತಿಗೆ ಬಿಡುವು ಸಿಗದ ಮನೆಯಲ್ಲಿ ಗಂಡನ ಹವ್ಯಾಸವನ್ನು ಹೊಗಳಲು ನನ್ನಿಂದಾಗದು.

ಒಂದು ದಿನ, ಒಂದು ಜಾಗ ನಿಗದಿ ಮಾಡಿ ಮನೆಯ ಹೊರೆಯನ್ನೂ ಹಂಚಿಕೊಳ್ಳುವುದು, ಒಂದು ಸಂಘ ಮಾಡಬಹುದಾದ ಕೆಲಸ ಇದೇ ಅಂತ ಕಾರ್ಯಕಾರಿ ಸಮಿತಿಯ ಮುಂದೆ ಹೇಳಿದೆ, ಎಲ್ಲರೂ ಒಪ್ಪಿದರು. 2022ರ ಜನವರಿಯಲ್ಲಿ ಇಲ್ಲಿನ ವಾರದ ರಜೆ ಶುಕ್ರವಾರ-ಶನಿವಾರದಿಂದ ಶನಿವಾರ-ಭಾನುವಾರಕ್ಕೆ ಬದಲಾದಾಗ ನಮ್ಮ ಶುಕ್ರವಾರದ ಅಭ್ಯಾಸ ನಿಂತದ್ದು ಮತ್ತೆ ಶುರುವಾಗಲೇ ಇಲ್ಲ. ಈಗ ಶುರು ಮಾಡೋಣ. ಮುಂದಿನ ತಿಂಗಳಿನಿಂದ ಪ್ರತಿ ಶನಿವಾರ ಸಂಜೆ ಏಳು ಗಂಟೆಗೆ ನಮ್ಮ ಹಾಲ್ ತೆರೆದಿರುತ್ತದೆ. ಒಂದು ಕೋಣೆಯಲ್ಲಿ ತಾಳಮದ್ದಳೆ, ಇನ್ನೊಂದರಲ್ಲಿ ಬರೆದದ್ದನ್ನು ಓದುವವರು. ಎರಡು ಸಾಲು ಬರೆದಿದ್ದರೂ ಸಾಕು, ತನ್ನಿ. ಮಕ್ಕಳನ್ನು ನೋಡಿಕೊಳ್ಳುವ ಸರದಿ, ಅಡುಗೆಯ ಸರದಿ ಎರಡಕ್ಕೂ ಪಟ್ಟಿ ಮಾಡುತ್ತಿದ್ದೇವೆ. ಗಂಡಸರ ಹೆಸರು ಎರಡರಲ್ಲೂ ಬೇಕು. ಪ್ರಸಂಗದ ಝೆರಾಕ್ಸ್ ಪ್ರತಿಗಳು ಕಾರ್ಯದರ್ಶಿಗಳ ಬಳಿ ಇವೆ. ಮೊದಲ ಶನಿವಾರಕ್ಕೆ ಭಾಗವತರು ಸಿಕ್ಕಿದ್ದಾರೆ, ಸುಗ್ರೀವನೂ ಸಿಕ್ಕಿದ್ದಾನೆ. ವಾಲಿಯ ಅರ್ಥ ಹೇಳುವವರು ಈ ವಾರದೊಳಗೆ ಹೆಸರು ಕೊಡಿ.