ಇನ್ನು ಮುಂದೆ ಋತುವಿಗೊಂದು ಕಥಾಪತ್ರ

ಚಂದಾದಾರರಿಗೂ ಕಥೆ ಬರೆದುಕೊಡುವ ಬಳಗಕ್ಕೂ ನಮಸ್ಕಾರ.

ಅಂಚೆಯಲ್ಲೂ ಇಮೇಲಿನಲ್ಲೂ ಕಥೆ ಕಳಿಸುವ ನಮ್ಮ ಕಥಾಪತ್ರಕ್ಕೆ ಈ ಯುಗಾದಿಗೆ 5 ವರ್ಷ ತುಂಬಿತು. ತಿಂಗಳಿಗೊಂದರಂತೆ 60 ಕಥೆಗಳು ನಿಮ್ಮ ಕೈ ಸೇರಿವೆ. ಆರನೆಯ ವರ್ಷದಿಂದ ಪತ್ರ ಪ್ರತಿ ತಿಂಗಳು ಬರುವುದಿಲ್ಲ. ಎರಡು ತಿಂಗಳಿಗೊಮ್ಮೆ, ಎರಡೆರಡು ಕಥೆಗಳೊಂದಿಗೆ ಬರುತ್ತದೆ. ವರ್ಷಕ್ಕೆ 12 ಕಥೆ ಎಂಬ ಲೆಕ್ಕದಲ್ಲಿ ಒಂದೂ ಕಡಿಮೆಯಾಗುವುದಿಲ್ಲ, ಚಂದಾ ಹಣದಲ್ಲಿ ಒಂದು ರೂಪಾಯಿಯೂ ಹೆಚ್ಚಾಗುವುದಿಲ್ಲ. ಹಾಗಾದರೆ ಬದಲಾವಣೆ ಯಾಕೆ ಎಂದು ಕೇಳುವ ಹಕ್ಕು ನಿಮಗಿದೆ. ಎರಡನೆಯ ಕರಡಿಗೆ ಸಮಯ ಸಾಲುತ್ತಿರಲಿಲ್ಲ. ಕಾರಣ ಇಷ್ಟೇ, ಆದರೆ ಇದನ್ನು ಬಿಡಿಸಿ ಹೇಳಬೇಕು.

ತಿಂಗಳ ಪತ್ರದ 30 ದಿನ ಹೀಗೆ ಹಂಚಿಹೋಗುತ್ತಿತ್ತು. ಮುದ್ರಣ, ಮಡಿಕೆ, ಪಿನ್ನು, ಲಕೋಟೆ, ಅಂಚೆ ಎಲ್ಲ ಸೇರಿ ಕೊನೆಯ 7 ದಿನ. ಅದಕ್ಕೂ ಮುಂಚೆ ಪುಟ ಕಟ್ಟುವುದಕ್ಕೆ, ಅಕ್ಷರ ತಿದ್ದುವುದಕ್ಕೆ 5 ದಿನ. ಬಳಗದ ಮೂವರು ಕರಡು ಓದಿ ಅಭಿಪ್ರಾಯ ಬರೆಯಲು 10 ದಿನ. ಕಥೆಗಾರರ ಪಾಲಿಗೆ ಉಳಿಯುತ್ತಿದ್ದದ್ದು 8 ದಿನ. 8 ದಿನದಲ್ಲಿ ಕಾಗುಣಿತ ಸರಿಮಾಡಬಹುದು, ನಾಲ್ಕು ವಾಕ್ಯ ಕಡಿಯಬಹುದು. ಕಥೆಯನ್ನು ಇನ್ನೊಮ್ಮೆ ಬರೆಯಲು ಆಗುವುದಿಲ್ಲ. ಬರೆದವರ ಕಿವಿಯಲ್ಲಿ ಮೊದಲ ಕರಡಿನ ದನಿ ಇನ್ನೂ ಮೊಳಗುತ್ತಿರುತ್ತದೆ. ಅದು ತಣ್ಣಗಾಗದೆ ತಪ್ಪು ಕಣ್ಣಿಗೆ ಬೀಳದು.

ನಮ್ಮ ಉತ್ತರ ಕನ್ನಡ ಸೀಮೆಯ ಕರಡುಗಳಲ್ಲಿ ಮತ್ತೆ ಮತ್ತೆ ಕಾಣುವ ತೊಂದರೆಗಳು ಬೆರಳೆಣಿಕೆಯವು. ಮೊದಲನೆಯದು ಮಳೆ. ಕಥೆ ಶುರುವಾಗಿ ಎರಡು ಪುಟ ಕಳೆದರೂ ಮಳೆ ನಿಂತಿರುವುದಿಲ್ಲ, ಯಾರೂ ಮಾತಾಡಿರುವುದಿಲ್ಲ. ಬರೆಯುವವರಿಗೆ ಕಥೆಯ ಅಂಗಳಕ್ಕೆ ಇಳಿಯಲು ಆ ಮಳೆ ಬೇಕಿತ್ತು, ಓದುವವರಿಗೆ ಬೇಕಿಲ್ಲ. ಹಾಗೆಂದು ಅದನ್ನು ಹೊಡೆದುಹಾಕುವುದೂ ದಡ್ಡತನ. ಕಂಬಳಿ ಕೊಪ್ಪೆಯ ವಾಸನೆ, ಹಂಚಿನ ಸಂದಿಯಿಂದ ಸೋರುವ ನೀರಿಗೆ ಇಟ್ಟ ಪಾತ್ರೆಯ ಸದ್ದು, ಇಂಥ ಒಂದೆರಡು ವಿವರ ಮೂರನೆಯ ಪುಟದ ಜಗಳದ ನಡುವೆ ಸೇರಿದರೆ ಹತ್ತು ಪಟ್ಟು ಕೆಲಸ ಮಾಡುತ್ತವೆ. ಹೀಗೆ ಸ್ಥಳ ಬದಲಿಸುವುದೇ ಎರಡನೆಯ ಕರಡಿನ ಕೆಲಸ. ಎರಡನೆಯದು ಹೆಸರು. ಮೊದಲ ಪುಟದಲ್ಲೇ ಗಣಪತಿ, ಗಜಾನನ, ಗಂಗಾಧರ ಮೂವರೂ ಬಂದು, ಮೂವರೂ ಹೆಗಡೆಯವರೇ ಆದರೆ, ಊರಿನವರಿಗೆ ಕಷ್ಟವಿಲ್ಲ. ಬೀದರಿನ ಓದುಗರು ಅಲ್ಲೇ ಪುಸ್ತಿಕೆ ಮಡಚಿಡುತ್ತಾರೆ. ಮೊದಲಕ್ಷರ ಬೇರೆ ಬೇರೆ ಇರಲಿ, ಒಂದು ಪುಟಕ್ಕೆ ಇಬ್ಬರಿಗಿಂತ ಹೆಚ್ಚು ಹೊಸಬರು ಬೇಡ. ಇನ್ನು ಕೊನೆಯ ಪ್ಯಾರಾ. ಕಥೆ ಆಗಲೇ ಹೇಳಿದ್ದನ್ನು ಅದು ಮತ್ತೆ ಬಿಡಿಸಿ ಹೇಳುತ್ತದೆ. ಅದನ್ನು ಬೆರಳಿನಿಂದ ಮುಚ್ಚಿ ಓದಿ ನೋಡಿ. ಏನೂ ಕಳೆದುಹೋಗಿಲ್ಲ ಅನ್ನಿಸಿದರೆ ತೆಗೆಯಿರಿ.

ಈಗ 60 ದಿನ ಸಿಗುತ್ತದೆ. ಮೊದಲ 10 ದಿನ ಮೂವರು ಓದುಗರು, ಒಬ್ಬರು ಇನ್ನೊಬ್ಬರೊಡನೆ ಮಾತಾಡದೆ, ಕರಡು ಓದುತ್ತಾರೆ. ಬರೆದುಕೊಡಬೇಕಾದದ್ದು ಮೂರೇ ಸಂಗತಿ: ಎಲ್ಲಿ ಮನಸ್ಸು ಬೇರೆಡೆ ಹೋಯಿತು, ಎಲ್ಲಿ ಅರ್ಥವಾಗಲಿಲ್ಲ, ಮರುದಿನ ಬೆಳಿಗ್ಗೆ ಯಾವ ಮಾತು ನೆನಪಿತ್ತು. ‘ಚೆನ್ನಾಗಿದೆ’, ‘ಇನ್ನೂ ಆಳ ಬೇಕಿತ್ತು’ ಎಂಬ ಮಾತುಗಳಿಂದ ಯಾರಿಗೂ ಉಪಯೋಗವಿಲ್ಲ. ಹೀಗೆ ತಿದ್ದಿ ಅಂತ ದಾರಿ ತೋರಿಸುವುದೂ ಬೇಡ. ಮುಗ್ಗರಿಸಿದ ಜಾಗ ತೋರಿಸಿದರೆ ಸಾಕು, ಕಲ್ಲು ಯಾವುದೆಂದು ಬರೆದವರೇ ಹುಡುಕುತ್ತಾರೆ. 11ನೆಯ ದಿನ ಎಲ್ಲರೂ ಕೂತು ಮಾತಾಡುವಾಗ ಕಥೆಗಾರರು ಬಾಯಿ ತೆರೆಯುವಂತಿಲ್ಲ. ತೆರೆದರೆ ಸಮರ್ಥನೆ ಶುರುವಾಗುತ್ತದೆ, ಪುಸ್ತಿಕೆಯ ಜೊತೆ ಆ ಸಮರ್ಥನೆ ಓದುಗರ ಮನೆಗೆ ಹೋಗುವುದಿಲ್ಲವಲ್ಲ. ಅಲ್ಲಿಂದ 35ನೆಯ ದಿನದವರೆಗೆ ಕಥೆ ಬರೆದವರದು, ಯಾರೂ ಫೋನ್ ಮಾಡುವುದಿಲ್ಲ.

ಆಮೇಲೆ ಒಂದು ವಾರ ಗಟ್ಟಿಯಾಗಿ ಓದುವುದು. 3000 ಪದದ ಕಥೆಗೆ ಅರ್ಧ ಗಂಟೆ ಹಿಡಿಯುತ್ತದೆ. ಓದುವವರು ಬರೆದವರಾಗಿರಬಾರದು. ತಮ್ಮ ವಾಕ್ಯದಲ್ಲಿ ಉಸಿರು ಎಲ್ಲಿ ತೆಗೆಯಬೇಕೆಂದು ಬರೆದವರಿಗೆ ಗೊತ್ತಿರುವುದರಿಂದ ತಪ್ಪು ಕೇಳಿಸುವುದೇ ಇಲ್ಲ. ಬೇರೆಯವರು ತಡವರಿಸಿದ ಕಡೆಯೆಲ್ಲ ಪೆನ್ಸಿಲಿನಲ್ಲಿ ಒಂದು ಗೆರೆ. ಒಂದೇ ಪುಟದಲ್ಲಿ ಐದು ಗೆರೆ ಬಿದ್ದರೆ ಆ ಪುಟ ಮತ್ತೆ ಬರೆಯಬೇಕು.

ಗಟ್ಟಿಯಾಗಿ ಓದಿಸುವುದಕ್ಕೆ ಇನ್ನೊಂದು ಕಾರಣ ಆಡುಮಾತು. ಘಟ್ಟದ ಮೇಲೆ ಹವ್ಯಕರ ಮಾತು, ಕರಾವಳಿಯಲ್ಲಿ ಹಾಲಕ್ಕಿಗಳ, ನಾಡವರ, ನಾಮಧಾರಿಗಳ ಮಾತು, ಕಾರವಾರದ ಕಡೆ ಕೊಂಕಣಿ. ಹವ್ಯಕ ಮಾತಿನಲ್ಲಿ ಹೆಣ್ಣುಮಕ್ಕಳ ಬಗ್ಗೆ ಹೇಳುವಾಗ ‘ಅದು ಬಂತು’, ‘ಕೂಸು ಹೋತು’ (ಹುಡುಗಿ ಹೋದಳು) ಎನ್ನುವುದು ವಾಡಿಕೆ. ಅದರಲ್ಲಿ ಅಗೌರವವಿಲ್ಲ, ಆ ಮಾತಿನ ವ್ಯಾಕರಣವೇ ಹಾಗೆ. ಅವಸರದಲ್ಲಿ ತಿದ್ದುವವರ ಕೈ ಅದನ್ನು ‘ಅವಳು ಬಂದಳು’ ಎಂದು ಮಾಡಿಬಿಟ್ಟರೆ ಅಡುಗೆಮನೆಯ ಅಜ್ಜಿ ಪಠ್ಯಪುಸ್ತಕದಿಂದ ಎದ್ದು ಬಂದ ಹಾಗಾಗುತ್ತದೆ. ಇನ್ನು ಮುಂದೆ ಸಂಭಾಷಣೆಯ ಆಡುಮಾತನ್ನು ಅದೇ ಸಮುದಾಯದ ಒಬ್ಬರು ಕೇಳಿ ಒಪ್ಪದೆ ಅಚ್ಚಿಗೆ ಕಳಿಸುವುದಿಲ್ಲ. ಕೊಂಕಣಿಯ ಒಂದು ಮಾತು ಬಂದರೆ ಅಡಿಟಿಪ್ಪಣಿ ಹಾಕುವುದಿಲ್ಲ. ‘ಖಂಯ್ ವತ್ತಾ?’ ಎಂದು ಒಬ್ಬರು ಕೇಳಿ, ಇನ್ನೊಬ್ಬರು ‘ಪೇಟೆಗೆ’ ಅಂದರೆ ಸಾಕು, ಅರ್ಥ ತಾನಾಗಿ ಬಂತು. ನಿರೂಪಣೆಯ ಭಾಷೆ ಯಾವುದೆಂಬುದು ಮಾತ್ರ ಮೊದಲ ಪುಟದಲ್ಲೇ ತೀರ್ಮಾನವಾಗಿರಲಿ. ನಡುವೆ ಒಂದು ಪ್ಯಾರಾ ಗ್ರಾಂಥಿಕ, ಒಂದು ಪ್ಯಾರಾ ಆಡುಮಾತು ಆದರೆ ಕಥೆ ಹೇಳುತ್ತಿರುವವರು ಯಾರೆಂದು ಓದುಗರಿಗೆ ತಿಳಿಯುವುದಿಲ್ಲ.

ಕೊನೆಯದು ಅಕ್ಷರ. ಕರಡನ್ನು ಯೂನಿಕೋಡಿನಲ್ಲೇ ಕಳಿಸಿ ಎಂದು ಬರೆಯುವವರಲ್ಲಿ ಕೇಳಿಕೊಳ್ಳುತ್ತೇವೆ. ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಫಾಂಟಿನ ಕಡತವನ್ನು ಪರಿವರ್ತಿಸುವಾಗ ಅರ್ಕಾವತ್ತು ಹೆಚ್ಚಾಗಿ ಜಾಗ ತಪ್ಪುತ್ತದೆ, ಒಂದೊಂದನ್ನೂ ಕಣ್ಣಿಟ್ಟು ನೋಡಬೇಕು. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಒತ್ತಿರುವುದು ಇನ್ನೂ ಕಳ್ಳ ತಪ್ಪು. ‘ಂ’ ಮತ್ತು ‘೦’ ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಒಂದು ಅಕ್ಷರ, ಒಂದು ಅಂಕಿ. ಹಾಗೆ ಬರೆದ ಪದ ಹುಡುಕಿದರೆ ಸಿಗುವುದಿಲ್ಲ, ಫಾಂಟ್ ಬದಲಿಸಿದ ಕೂಡಲೇ ಅಕ್ಷರದಿಂದ ಕಳಚಿ ದೂರ ನಿಲ್ಲುತ್ತದೆ. ಕಡತ ಬಂದ ಕೂಡಲೇ ಎಲ್ಲ ‘೦’ಗಳನ್ನು ಒಮ್ಮೆ ಹುಡುಕಿ ಬದಲಿಸುವುದು ನಮ್ಮ ಮೊದಲ ಕೆಲಸ.

ಇಮೇಲಿನಲ್ಲಿ ಪಡೆಯುವವರಿಗೆ ಒಂದು ವಿಷಯ. ಕೆಲವರಿಗೆ ಉದ್ದದ ಕಥೆಗಳ ಕೊನೆ ಕಾಣದೆ ಹೋಗಿದ್ದಕ್ಕೆ ಕಾರಣ ಜಿಮೇಲಿನ ಮಿತಿ. 102 ಕೆಬಿ (1 ಕೆಬಿ ಎಂದರೆ ಸುಮಾರು ಸಾವಿರ ಬೈಟ್) ದಾಟಿದ ಪತ್ರವನ್ನು ಅದು ಕತ್ತರಿಸಿ, ಉಳಿದದ್ದನ್ನು ಒಂದು ಕೊಂಡಿಯ ಹಿಂದೆ ಇಡುತ್ತದೆ. ಕನ್ನಡದ ಪ್ರತಿ ವ್ಯಂಜನ, ವಿರಾಮ (ಒತ್ತಕ್ಷರ ಕೂಡಿಸುವ ‘್’ ಗುರುತು), ಸ್ವರಚಿಹ್ನೆ ತಲಾ 3 ಬೈಟ್ ತಿನ್ನುತ್ತದೆ. ‘ಸ್ತ್ರೀ’ ನೋಡಲು ಒಂದೇ ಅಕ್ಷರ, ಒಳಗೆ 6 ಗುರುತು, 18 ಬೈಟ್. ಪದಕ್ಕೆ 8 ಗುರುತು ಅಂದುಕೊಂಡರೂ 3000 ಪದಕ್ಕೆ 72 ಕೆಬಿ ಆಯಿತು. ಪುಟವಿನ್ಯಾಸದ ಸಂಕೇತಗಳು ಸೇರಿದರೆ ಮಿತಿಯ ಅಂಚಿಗೆ ಬರುತ್ತದೆ, 3500 ಪದವಾದರೆ ದಾಟಿಯೇ ಬಿಡುತ್ತದೆ. ಎರಡು ಕಥೆ ಒಂದೇ ಪತ್ರದಲ್ಲಿ ಹಿಡಿಸುವ ಮಾತೇ ಇಲ್ಲ. ಆದ್ದರಿಂದ ಇಮೇಲಿನವರಿಗೆ ಸಂಚಿಕೆಯ ಮೊದಲ ಕಥೆ 1ನೆಯ ತಾರೀಕಿಗೆ, ಎರಡನೆಯದು 15ಕ್ಕೆ ಬರುತ್ತದೆ. ಅಲಂಕಾರದ ಸಂಕೇತಗಳನ್ನೂ ತೆಗೆದು ಹಗುರ ಮಾಡಿದ್ದೇವೆ.

ಅಚ್ಚಿನ ಪುಸ್ತಿಕೆಗೆ ಈ ಬದಲಾವಣೆಯಿಂದ ಒಳ್ಳೆಯದೇ ಆಗುತ್ತದೆ. ಈಗಿನದು ಎ5 ಅಳತೆ, 16 ಪುಟ, ಅಂದರೆ 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಕಾಗದದ 4 ಎ4 ಹಾಳೆ. ಹಾಳೆಗೆ 4.4 ಗ್ರಾಂ, 130 ಜಿಎಸ್‌ಎಂ ರಕ್ಷಾಪುಟ 8, ಲಕೋಟೆ 7, ಒಟ್ಟು 33 ಗ್ರಾಂ. ಅಂಚೆ ದರ 20 ಗ್ರಾಮಿಗೊಂದು ಮೆಟ್ಟಿಲು ಏರುವುದರಿಂದ 40ರ ಮೆಟ್ಟಿಲಿಗೆ ಹಣ ಕೊಡುತ್ತಿದ್ದೆವು, ಎರಡು ತಿಂಗಳಿಗೆ ನಾಲ್ಕು ಮೆಟ್ಟಿಲು. ಎರಡು ಕಥೆಯ 32 ಪುಟ 50 ಗ್ರಾಂ ತೂಗುತ್ತದೆ, ಮೂರೇ ಮೆಟ್ಟಿಲು. ಇನ್ನೊಂದು ಹಾಳೆ ಸೇರಿಸಿ 36 ಪುಟ ಮಾಡಿದರೂ 55 ಗ್ರಾಂ ದಾಟದು. ಆ 4 ಪುಟಗಳಲ್ಲಿ ಪ್ರತಿ ಸಂಚಿಕೆಯಲ್ಲೂ ಒಂದು ಕಥೆಯ ಮೊದಲ ಕರಡಿನ ಆರಂಭ ಮತ್ತು ಅಚ್ಚಾದ ಆರಂಭ, ಎದುರುಬದುರಾಗಿ, ಕಥೆಗಾರರ ಒಪ್ಪಿಗೆ ಪಡೆದು ಹಾಕುತ್ತೇವೆ. ತಿದ್ದುವಿಕೆ ಎಂದರೆ ಏನೆಂದು ಹೊಸದಾಗಿ ಬರೆಯುವವರಿಗೆ ತೋರಿಸಲು ಇದಕ್ಕಿಂತ ನೇರವಾದ ದಾರಿ ನಮಗೆ ಗೊತ್ತಿಲ್ಲ.

ಪುಸ್ತಿಕೆ ತೆರೆದಾಗ ಚಪ್ಪಟೆ ಕೂರುವುದಿಲ್ಲ ಎಂಬ ದೂರು ನ್ಯಾಯವಾದದ್ದು. ಅಂಗಡಿಯ ಸಾಮಾನ್ಯ ಎ4 ಕಾಗದದಲ್ಲಿ ನಾರು ಉದ್ದಕ್ಕೆ ಓಡುತ್ತದೆ, ಪುಸ್ತಿಕೆಯ ಮಡಿಕೆ ಅದಕ್ಕೆ ಅಡ್ಡ ಬೀಳುತ್ತದೆ. ಇನ್ನು ದೊಡ್ಡ ಹಾಳೆ ತರಿಸಿ, ನಾರು ಬೆನ್ನಿಗೆ ಸಮಾನಾಂತರ ಬರುವಂತೆ ಕತ್ತರಿಸಿಕೊಳ್ಳುತ್ತೇವೆ. 9 ಹಾಳೆ ಒಂದರೊಳಗೊಂದು ಮಡಚಿದಾಗ ಒಳಗಿನ ಹಾಳೆ ಸುಮಾರು ಒಂದು ಮಿಲಿಮೀಟರ್ ಹೊರಗೆ ಚಾಚುತ್ತದೆ. ಪಿನ್ನು ಹೊಡೆದ ಮೇಲೆಯೇ ಅಂಚು ಕತ್ತರಿಸಬೇಕು, ಮೊದಲೇ ಕತ್ತರಿಸಿದರೆ ಅಂಚು ಮೆಟ್ಟಿಲು ಮೆಟ್ಟಿಲಾಗುತ್ತದೆ.

ಮಳೆಗಾಲದ ಕಷ್ಟ ಶಿರಸಿಯಲ್ಲಿ ಕೂತು ಅಚ್ಚು ಮಾಡುವ ಎಲ್ಲರಿಗೂ ಗೊತ್ತು. ತೇವ ಹೀರಿದ ಕಾಗದ ನಾರಿಗೆ ಅಡ್ಡವಾಗಿ ಹಿಗ್ಗಿ ಅಲೆಅಲೆಯಾಗುತ್ತದೆ. ಲೇಸರ್ ಯಂತ್ರದ ಬಿಸಿ ನೀರನ್ನು ಆರಿಸುವುದಕ್ಕೇ ಖರ್ಚಾಗಿ ಟೋನರ್ ಪುಡಿ ಸರಿಯಾಗಿ ಅಂಟುವುದಿಲ್ಲ, ಬೆರಳು ಉಜ್ಜಿದರೆ ಅಕ್ಷರ ಬರುತ್ತದೆ. ಲಕೋಟೆಯ ಗೋಂದು ಬಳಸುವ ಮೊದಲೇ ತನಗೆ ತಾನೇ ಅಂಟಿಕೊಂಡಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕು ಸಲ ಪಡುತ್ತಿದ್ದ ಈ ಪಾಡು ಇನ್ನು ಒಂದೇ ಸಲ. ಜೂನ್ ಸಂಚಿಕೆಯನ್ನು ಮೇ ಮೂರನೆಯ ವಾರವೇ, ಮಳೆ ಹಿಡಿಯುವ ಮುಂಚೆ, ಅಚ್ಚು ಮಾಡಿ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಡುತ್ತೇವೆ. ಆಗಸ್ಟಿನದಕ್ಕೆ ಕಾಗದದ ಕಟ್ಟನ್ನು ಬೇಕಾದಷ್ಟೇ ಬಿಚ್ಚುತ್ತೇವೆ, ಸತುವಿನ ಲೇಪದ ಪಿನ್ನನ್ನೇ ಹಾಕುತ್ತೇವೆ. ವಿಳಾಸವನ್ನು ಇಂಕ್‌ಜೆಟ್ಟಿನಲ್ಲಿ ತೆಗೆಯುವುದಿಲ್ಲ, ಒಂದು ಹನಿ ಬಿದ್ದರೆ ಪಿನ್ ಕೋಡೇ ಕರಗುತ್ತದೆ.

ಸಂಚಿಕೆಗಳು ಏಪ್ರಿಲ್ (ವಸಂತ), ಜೂನ್ (ಗ್ರೀಷ್ಮ), ಆಗಸ್ಟ್ (ವರ್ಷ), ಅಕ್ಟೋಬರ್ (ಶರದ್), ಡಿಸೆಂಬರ್ (ಹೇಮಂತ), ಫೆಬ್ರುವರಿಯಲ್ಲಿ (ಶಿಶಿರ) ಬರುತ್ತವೆ. ಕಥೆಗಾರರನ್ನು ಕೇಳಿಕೊಳ್ಳುವಾಗ ಅವರವರ ಕೆಲಸದ ಕಾಲವನ್ನು ಗಮನಿಸುತ್ತೇವೆ. ಅಡಿಕೆಯ ಕೊನೆಕೊಯ್ಲು (ಗೊನೆ ಇಳಿಸುವುದು), ಸುಲಿತದ ನಡುವೆ ತೋಟದವರಿಗೆ ಎರಡನೆಯ ಕರಡು ಬರೆಯಿರಿ ಎನ್ನುವುದು ಸರಿಯಲ್ಲ. ಅವರ ಕಥೆ ಜೂನ್, ಆಗಸ್ಟಿಗೆ ಇರಲಿ. ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆ ನಿಲ್ಲುವ 61 ದಿನ, ಜೂನ್ 1ರಿಂದ ಜುಲೈ 31, ಬೋಟಿನವರಿಗೆ ಬಿಡುವು. ಅವರ ಕಥೆ ಆಗಸ್ಟಿಗೆ ಸಿದ್ಧವಾಗುತ್ತದೆ. ಯಕ್ಷಗಾನ ಮೇಳದ ತಿರುಗಾಟದಲ್ಲಿ ಇರುವವರಿಂದ ಮಳೆಗಾಲದಲ್ಲಿ ಕರಡು ಪಡೆದು ಅಕ್ಟೋಬರಿಗೆ ಹಾಕುತ್ತೇವೆ.

ಚಂದಾ ಲೆಕ್ಕ ಸರಳ. ನಿಮ್ಮದು ಎಷ್ಟು ತಿಂಗಳು ಉಳಿದಿದೆಯೋ ಅದರ ಅರ್ಧದಷ್ಟು ಸಂಚಿಕೆ, ಬೆಸ ಸಂಖ್ಯೆಯಾದರೆ ಮೇಲಿನದಕ್ಕೆ ಏರಿಸಿಕೊಳ್ಳುತ್ತೇವೆ. 7 ತಿಂಗಳು ಉಳಿದವರಿಗೆ 4 ಸಂಚಿಕೆ, ಅಂದರೆ 8 ಕಥೆ. ತಿಂಗಳಿಗೊಮ್ಮೆಯೇ ಬೇಕಿತ್ತು ಎನ್ನುವವರು ಮೇ 31ರೊಳಗೆ ತಿಳಿಸಿದರೆ ಉಳಿದ ಹಣ ಪೂರ್ತಿ ಮರಳಿಸುತ್ತೇವೆ, ಕಾರಣ ಕೇಳುವುದಿಲ್ಲ.

ವರ್ಷದ ಕೊನೆಗೆ 12 ಕಥೆಗಳ ಪುಸ್ತಕವೂ ಬರುತ್ತದೆ. 192 ಪುಟ ಎಂದು ಮೊದಲೇ ನಿಗದಿ ಮಾಡಿದ್ದೇವೆ. ಪ್ಯಾಕಿಂಗ್ ಸೇರಿ 250 ಗ್ರಾಮಿನೊಳಗೆ ನಿಲ್ಲುವುದರಿಂದ 2025ರ ಮೇ 1ರಂದು ಶುರುವಾದ ಅಂಚೆ ಇಲಾಖೆಯ ಜ್ಞಾನ ಪೋಸ್ಟಿನ ಮೊದಲ ಮಿತಿ, 300 ಗ್ರಾಂವರೆಗೆ 20 ರೂಪಾಯಿ ಮತ್ತು ತೆರಿಗೆ, ಇದರಲ್ಲಿ ಕಳಿಸಬಹುದು. ಎಲ್ಲಿಗೆ ತಲುಪಿತೆಂದು ಜಾಡು ಹಿಡಿಯಬಹುದು, ಆದರೆ ಭೂಮಾರ್ಗವಾದ್ದರಿಂದ ನಿಧಾನ. ಬೇಗ ಬೇಕಾದವರಿಗೆ ಸ್ಪೀಡ್ ಪೋಸ್ಟ್ ಉಂಟು. ರಿಜಿಸ್ಟರ್ಡ್ ಅಂಚೆ 2025ರ ಸೆಪ್ಟೆಂಬರ್ 1ರಿಂದ ಅದರಲ್ಲೇ ಸೇರಿಹೋಗಿದೆ.

ವಿಳಾಸ ಬದಲಾದವರು ಮೇ 10ರೊಳಗೆ ತಿಳಿಸಿ. ಮನೆ ಹೆಸರು, ಊರು, ಅಂಚೆ ಕಚೇರಿ, ತಾಲ್ಲೂಕು, ಪಿನ್ ಕೋಡ್ ಐದೂ ಇರಲಿ. ನಮ್ಮ ಜಿಲ್ಲೆಯಲ್ಲಿ ಒಂದೇ ಹೆಸರಿನ ಹಳ್ಳಿಗಳು ಬೇರೆ ಬೇರೆ ತಾಲ್ಲೂಕಿನಲ್ಲಿವೆ, ಅಂಚೆ ಕಚೇರಿಯ ಹೆಸರಿಲ್ಲದ ಲಕೋಟೆ ಘಟ್ಟ ಹತ್ತಿ ಇಳಿದು ವಾಪಸು ಬರುತ್ತದೆ. ಜೂನ್ ಸಂಚಿಕೆಯ ಲಕೋಟೆಗಳು ಮೇ 28ಕ್ಕೆ ಶಿರಸಿಯಿಂದ ಹೊರಡುತ್ತವೆ.

ಕಥಾಪತ್ರದ ಸಹಕಾರಿ ಬಳಗ
ಶಿರಸಿ, ಉತ್ತರ ಕನ್ನಡ